ನನ್ನ ಒಪ್ಪಿಗೆಯಲ್ಲಿ ಇನ್ನೊಬ್ಬಳ ವಿಳಾಸ

ಬ್ಯಾಂಕ್ ಖಾತೆಗಳ ಮಾಹಿತಿ ಹಂಚಿಕೆಯ ಮೇಲ್ವಿಚಾರಣಾಧಿಕಾರಿಗಳಿಗೆ, ಒಬ್ಬ ಹೊಲಿಗೆಯವಳಿಂದ

ಮಾನ್ಯರೇ,

ಇವತ್ತು ನನಗೆ ಉಪವಾಸ. ಬೆಳಿಗ್ಗೆ ಎದ್ದು ನೀರು ತುಂಬಿಸಿ, ಮೆಟ್ಟಿಲು ಗುಡಿಸಿ, ಮನೆಯವರಿಗೆ ಡಬ್ಬಿ ಕಟ್ಟಿ, ಅತ್ತೆಯ ಮಾತ್ರೆಗಳನ್ನು ಬಟ್ಟಲಿಗೆ ಹಾಕಿಟ್ಟು, ಅರ್ಧ ಗಂಟೆ ದೇವರ ಮುಂದೆ ಕೂತು, ಆಮೇಲೆ ಅಂಗಡಿಯ ಬೀಗ ತೆಗೆದು ಈ ಕಾಗದಕ್ಕೆ ಕೈ ಹಾಕಿದ್ದೇನೆ. ಉಪವಾಸದ ದಿನ ಸುಳ್ಳಾಡಬಾರದು, ಯಾರನ್ನೂ ಬೈಯಬಾರದು ಎಂದು ನಮ್ಮಮ್ಮ ಹೇಳಿಕೊಟ್ಟಿದ್ದಳು. ಮೊದಲನೆಯದನ್ನು ಪೂರ್ತಿ ಪಾಲಿಸುತ್ತೇನೆ. ಎರಡನೆಯದನ್ನು ಕೈಲಾದಷ್ಟು.

ನನ್ನ ದೂರು ಇದು. ನಿಮ್ಮ ವ್ಯವಸ್ಥೆಯನ್ನು ನಂಬಿ ನಾನು ಮೊಬೈಲಿನಲ್ಲಿ ‘ಒಪ್ಪಿಗೆ ಇದೆ’ ಎಂದು ಒಂದೇ ಒಂದು ಸಲ ಒತ್ತಿದೆ. ಅದರಿಂದ, ಯಾವತ್ತೂ ಏನನ್ನೂ ಒಪ್ಪದಿದ್ದ ಒಬ್ಬ ಹುಡುಗಿ ಎಲ್ಲಿ ಅಡಗಿ ಬದುಕುತ್ತಿದ್ದಾಳೆ ಎಂಬುದು ಅವಳನ್ನು ಹೊಡೆಯುತ್ತಿದ್ದವನಿಗೆ ತಿಳಿಯಿತು. ನಾನು ಬರೆದುಕೊಂಡ ದೂರಿಗೆ ನಿಮ್ಮ ಕಚೇರಿ ಎರಡು ಸಾಲಿನ ಉತ್ತರ ಕಳಿಸಿದೆ: ‘ಗ್ರಾಹಕರ ಒಪ್ಪಿಗೆ ಕ್ರಮಬದ್ಧವಾಗಿದೆ. ಯಾವುದೇ ಲೋಪ ಕಂಡುಬಂದಿಲ್ಲವಾದ್ದರಿಂದ ದೂರನ್ನು ಮುಕ್ತಾಯಗೊಳಿಸಲಾಗಿದೆ.’ ಅದರ ಹಿಂದೆಯೇ, ನಮ್ಮ ಸೇವೆಗೆ ಐದರಲ್ಲಿ ಎಷ್ಟು ನಕ್ಷತ್ರ ಕೊಡುತ್ತೀರಿ ಎಂದು ಇನ್ನೊಂದು ಸಂದೇಶ. ನಕ್ಷತ್ರ ಹಂಚುವಷ್ಟು ದೊಡ್ಡವಳು ನಾನಲ್ಲ, ಅದು ದೇವರ ಕೆಲಸ. ನಿಮ್ಮ ಎರಡು ಸಾಲಿಗೆ ನನ್ನ ಉತ್ತರ ಮಾತ್ರ, ಎಲ್ಲರೂ ಓದಲೆಂದು, ಈ ಪತ್ರಿಕೆಯಲ್ಲಿದೆ. ಉದ್ದ ಇದೆ. ಕುರ್ಚಿ ಹೇಗೂ ಮೆತ್ತಗಿರುತ್ತದೆ, ಕೂತು ಓದಿ.

ನಾನು ಐವತ್ತರ ಹೆಂಗಸು. ಹಳ್ಳಿ ಶಾಲೆಯಲ್ಲಿ ಏಳನೇ ತರಗತಿ ಮುಗಿಸಿದವಳು. ಬಣ್ಣದ ಡಬ್ಬಿ ಮಾರುವ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ನನ್ನ ಹೊಲಿಗೆ ಮನೆ. ಐದು ಮಷಿನು, ಒಂದು ಕತ್ತರಿಸುವ ಮೇಜು, ನನ್ನನ್ನೂ ಸೇರಿಸಿ ಆರು ಹೆಂಗಸರು. ಆಸ್ಪತ್ರೆಗಳಿಗೆ ಹಾಸುಬಟ್ಟೆ, ದಿಂಬಿನ ಚೀಲ, ದಾದಿಯರ ಸಮವಸ್ತ್ರ ಹೊಲಿದು ಕೊಡುತ್ತೇವೆ. ಕೆಳಗಿನಿಂದ ಬಣ್ಣದ ಎಣ್ಣೆಯ ವಾಸನೆ ಏರುತ್ತದೆ. ಕಿಟಕಿ ತೆಗೆದರೆ ಬಿಳಿ ಬಟ್ಟೆಗೆ ರಸ್ತೆಯ ಧೂಳು, ಮುಚ್ಚಿದರೆ ನಮಗೆ ತಲೆನೋವು. ಬಿಳಿ ಬಟ್ಟೆಯ ಮಾತೇ ನಡೆಯುತ್ತದೆ, ಕಿಟಕಿ ಮುಚ್ಚಿಯೇ ಇರುತ್ತದೆ.

ನಮ್ಮಲ್ಲಿ ಕೆಲಸವೇ ಹೆಸರು. ಬಟ್ಟೆಯ ಅಂಚು ಬಿಚ್ಚಿಕೊಳ್ಳದಂತೆ ಓವರ್‌ಲಾಕ್ ಮಷಿನು ಓಡಿಸುವವಳನ್ನು ಓವರ್‌ಲಾಕ್ ಎಂದೇ ಕರೆಯುತ್ತೇವೆ. ಅವಳ ಮಷಿನಿಗೆ ಮೂರು ದಾರ, ಬಾಯಿಗೆ ಲೆಕ್ಕವಿಲ್ಲ. ಗುಂಡಿ ತೂರುವ ತೂತಿಗೆ ಸುತ್ತಲೂ ದಾರ ಕಟ್ಟುವ ಕೆಲಸಕ್ಕೆ ಕಾಜಾ ಎನ್ನುತ್ತಾರೆ. ಅದನ್ನು ಮಾಡುವವಳು ಕಾಜಾ. ಹದಿನಾಲ್ಕು ವರ್ಷದಿಂದ ನನ್ನ ಪಕ್ಕದ ಮಣೆಯಲ್ಲಿ ಕೂತಿದ್ದಾಳೆ. ಒಡಹುಟ್ಟಿದ ತಂಗಿಯೂ ನನ್ನ ಹತ್ತಿರ ಅಷ್ಟು ವರ್ಷ ಕೂತಿರಲಿಲ್ಲ. ಈ ಕಾಗದ ಅವಳ ಮಗಳ ವಿಷಯ.

ಆ ಮಗಳು ಮದುವೆಯಾಗಿ ಮೂರನೇ ವರ್ಷಕ್ಕೆ ಎಡಗೈ ಮುರಿದುಕೊಂಡು ಬಂದಳು. ಮುರಿದುಕೊಂಡು ಎಂದು ಅಭ್ಯಾಸಬಲದಿಂದ ಬರೆದೆ. ಮುರಿಸಿಕೊಂಡು. ಕೈ ಕೂಡಿದ ಮೇಲೆ ಮತ್ತೆ ಅಲ್ಲಿಗೆ ಹೋಗುವುದಿಲ್ಲ ಎಂದಳು. ಅವಳ ಗಂಡ ನಮ್ಮ ಬೀದಿಗೆ ಬಂದು ಎರಡು ಸಲ ಗಲಾಟೆ ಮಾಡಿದ. ಆಗ ಅವಳು ಬೇರೊಂದು ಊರಿಗೆ ಹೋಗಿ, ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿದ್ದು ಎರಡು ವರ್ಷದ ಒಂದು ಓದಿಗೆ ಸೇರಿದಳು. ಯಾವ ಊರು, ಯಾವ ಓದು ಎಂಬುದು ನಿಮಗೆ ಬೇಡ. ಹಾಗೆ ನೋಡಿದರೆ ನಿಮ್ಮವರಿಗೆ ಅದು ನನಗಿಂತ ಚೆನ್ನಾಗಿ ಗೊತ್ತು.

ಹಾಸ್ಟೆಲಿನ ಬಾಡಿಗೆಯನ್ನು ಕಾಜಾ ತನ್ನ ಸಂಬಳದಿಂದ ಕಟ್ಟುತ್ತಾಳೆ. ಆದರೆ ಅವಳ ಖಾತೆ ಗಂಡನ ಜೊತೆ ಜಂಟಿ. ಸಂದೇಶಗಳೆಲ್ಲ ಹೋಗುವುದು ಅವನ ಮೊಬೈಲಿಗೆ. ಅವನು ಕೆಟ್ಟವನಲ್ಲ, ಮಗಳ ಮೇಲೆ ಪ್ರಾಣ ಇಟ್ಟವನು. ಅವನ ಹೊಟ್ಟೆಯಲ್ಲಿ ಮಾತು ಮಾತ್ರ ನಿಲ್ಲುವುದಿಲ್ಲ. ಯಾರಾದರೂ ಎದುರಿಗೆ ಕೂತು ಒಂದು ಲೋಟ ಚಹಾ ಕುಡಿಸಿದರೆ ಸಾಕು, ಹುಟ್ಟಿದಾಗಿನಿಂದ ನಡೆದದ್ದನ್ನೆಲ್ಲ ಹೇಳಿ ಮುಗಿಸುತ್ತಾನೆ. ‘ಅಕ್ಕಾ, ಇವರಿಗೆ ಗೊತ್ತಾದ್ರೆ ಊರಿಗೇ ಗೊತ್ತಾದ ಹಾಗೆ. ನಿನ್ನ ಖಾತೆಯಿಂದಾನೇ ಕಳಿಸಿಬಿಡು, ನನ್ನ ಸಂಬಳದಲ್ಲಿ ಮುರ್ಕೋ’ ಎಂದಳು. ಹಾಗೇ ಮಾಡಿಕೊಂಡು ಬಂದೆ. ಒಂದೂವರೆ ವರ್ಷ ಒಂದು ನರಪಿಳ್ಳೆಗೂ ಸುದ್ದಿ ಹೋಗಲಿಲ್ಲ. ಮೂರು ದಾರದ ಓವರ್‌ಲಾಕ್ ಕೂಡ ಬಾಯಿ ಹೊಲಿದುಕೊಂಡಿದ್ದಳು ಎಂದರೆ ನೀವೇ ಊಹಿಸಿ.

ಈಗ ನನ್ನ ತಪ್ಪನ್ನು ನಾನೇ ಹೇಳುತ್ತೇನೆ. ನೀವು ಹುಡುಕಿ ತೆಗೆದು ನನ್ನ ಮುಖಕ್ಕೆ ಹಿಡಿಯುವ ಶ್ರಮ ಬೇಡ. ಬ್ಯಾಂಕಿನ ಆಪಿನಲ್ಲಿ ಹಣ ಕಳಿಸುವಾಗ ಷರಾ ಎಂದು ಒಂದು ಸಣ್ಣ ಖಾಲಿ ಜಾಗ ಬರುತ್ತದೆ. ಬೇರೆಯವರು ಅಲ್ಲಿ ಒಂದು ಚುಕ್ಕಿ ಇಟ್ಟು ಮುಂದೆ ಹೋಗುತ್ತಾರಂತೆ. ನನಗೆ ಅದು ಗೊತ್ತಿರಲಿಲ್ಲ. ನಮ್ಮ ಶಾಲೆಯಲ್ಲಿ ಒಬ್ಬ ಮೇಷ್ಟ್ರಿದ್ದರು. ‘ಯಾರಿಗೆ, ಎಲ್ಲಿಗೆ, ಯಾತಕ್ಕೆ, ಈ ಮೂರು ಇಲ್ಲದ ಬರಹ ಬರಹವೇ ಅಲ್ಲ’ ಎಂದು ಬೆರಳ ಗೆಣ್ಣಿನ ಮೇಲೆ ಅಡಿಪಟ್ಟಿಯಲ್ಲಿ ಹೊಡೆದು ಕಲಿಸಿದ್ದರು. ಖಾಲಿ ಜಾಗ ಬಿಡುವುದೆಂದರೆ ನನಗೆ ಇವತ್ತಿಗೂ ಗೆಣ್ಣು ಚುರುಗುಟ್ಟುತ್ತದೆ. ಹಾಗಾಗಿ ಪ್ರತಿ ತಿಂಗಳೂ ಆ ಷರಾದಲ್ಲಿ ತುಂಬಿಸಿ ಬರೆದೆ: ಕಾಜಾಳ ಮಗಳಿಗೆ, ಇಂಥ ಊರಿನ ಇಂಥ ಹಾಸ್ಟೆಲಿಗೆ, ಇಂಥ ತಿಂಗಳ ಬಾಡಿಗೆಗೆ. ನಾನು, ಬ್ಯಾಂಕು, ದೇವರು, ಮೂವರೇ ಓದುವುದು ಎಂದುಕೊಂಡಿದ್ದೆ. ಬ್ಯಾಂಕು ಎಂದರೆ ಬಾಗಿಲು ಹಾಕಿಕೊಂಡಿರುವ ಜಾಗ ಎಂಬ ಹಳೇ ಕಾಲದ ತಿಳಿವಳಿಕೆ ನನ್ನದು. ಗ್ರಾಹಕರು ಒಪ್ಪಿಗೆ ಒತ್ತಿದರೆ ಹೊರಗಿನವರೂ ಖಾತೆ ಓದುವ ಹಾಗೆ ಅದನ್ನು ತೆರೆದು ಓಪನ್ ಬ್ಯಾಂಕಿಂಗ್ ಎಂದು ಹೆಸರಿಟ್ಟು ಸಮಾರಂಭ ಮಾಡಿದ್ದೀರಿ ಎಂದು ನಮ್ಮ ಮೆಟ್ಟಿಲು ಹತ್ತಿ ಯಾರೂ ಹೇಳಿರಲಿಲ್ಲ.

ಹತ್ತಿದ್ದು, ಖಾತೆ ಓದಿ ಯಾರಿಗೆ ಎಷ್ಟು ಸಾಲ ಕೊಡಬಹುದು ಎಂದು ಹೇಳುವ ಒಂದು ಕಂಪನಿಯ ಪ್ರತಿನಿಧಿ. ನಮಗೆ ಬಟ್ಟೆ ಕೊಡುವ ಸಗಟು ಅಂಗಡಿಯ ಸಾಹುಕಾರರು ಇಪ್ಪತ್ತು ವರ್ಷ ಬಾಯಿಮಾತಿನ ಮೇಲೆ ಥಾನುಗಟ್ಟಲೆ ಬಟ್ಟೆ ಕೊಟ್ಟವರು. ಹೊದಿಕೆ ಹೊಲಿದು ಆಸ್ಪತ್ರೆಗೆ ಮುಟ್ಟಿಸಿದ ಮೇಲೆ ಕೊಟ್ಟರಾಯಿತು ಎನ್ನುತ್ತಿದ್ದರು. ಈ ವರ್ಷ ಇದ್ದಕ್ಕಿದ್ದಂತೆ, ‘ಇನ್ಮೇಲೆ ನಾನಲ್ಲಮ್ಮ, ಯಾರಿಗೆ ಎಷ್ಟು ಕೊಡ್ಬೇಕು ಅಂತ ಕಂಪನಿ ಹೇಳುತ್ತೆ. ನಿಮ್ಮ ಖಾತೆ ಜೋಡಿಸ್ಬಿಡಿ’ ಎಂದರು. ಮರುದಿನವೇ ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡ ಪ್ರತಿನಿಧಿ ಬಂದಳು. ಒಳ್ಳೆಯ ಹೆಣ್ಣುಮಗಳು, ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದಳು, ನೀರು ಕೊಟ್ಟೆ.

‘ಏನಿಲ್ಲ ಆಂಟಿ, ಬರೀ ನೋಡ್ತಾರೆ ಅಷ್ಟೇ. ದುಡ್ಡು ಮುಟ್ಟಲ್ಲ.’

‘ನೋಡೋದು ಯಾಕಮ್ಮ?’

‘ನಿಮ್ಮ ವ್ಯವಹಾರ ಎಷ್ಟು ಚೊಕ್ಕ ಅಂತ ಗೊತ್ತಾಗ್ಬೇಕಲ್ಲ.’

‘ಸಾಹುಕಾರರಿಗೆ ಇಪ್ಪತ್ತು ವರ್ಷದಿಂದ ಗೊತ್ತಲ್ಲ.’

‘ಅವರಿಗೆ ಗೊತ್ತು. ಕಂಪ್ಯೂಟರಿಗೆ ಗೊತ್ತಿಲ್ವಲ್ಲ ಆಂಟಿ!’

ಓವರ್‌ಲಾಕ್ ಮಷಿನು ನಿಲ್ಲಿಸಿ ಕೇಳಿದಳು: ‘ಏನೇನ್ ನೋಡ್ತಾರೆ? ಎಲ್ಲಾನೂನಾ?’

‘ಎಲ್ಲಾ ಸುರಕ್ಷಿತ ಅಕ್ಕಾ.’

ನಾವು ಕೇಳಿದ್ದು ಏನು ನೋಡುತ್ತಾರೆ ಎಂದು. ಬಂದ ಉತ್ತರ ಸುರಕ್ಷಿತ ಎಂದು. ಮಾನ್ಯರೇ, ಇಲ್ಲೇ ನನಗೆ ಅನುಮಾನ ಬರಬೇಕಿತ್ತು. ಬೆಲೆ ಕೇಳಿದರೆ ಬಣ್ಣ ಗಟ್ಟಿ ಎನ್ನುವ ಬಟ್ಟೆ ವ್ಯಾಪಾರಿಯನ್ನು ನಾನು ಬಾಗಿಲಲ್ಲೇ ನಿಲ್ಲಿಸುತ್ತೇನೆ. ಅವತ್ತು ನಿಲ್ಲಿಸಲಿಲ್ಲ. ಆಸ್ಪತ್ರೆಯೊಂದು ನಾನೂರು ಹೊದಿಕೆ ಕೇಳಿತ್ತು, ಕತ್ತರಿಸುವ ಮೇಜು ಖಾಲಿ ಬಿದ್ದಿತ್ತು, ಐದು ಜನ ಕೈಕಟ್ಟಿ ಕೂತಿದ್ದರು. ಪರದೆಯ ಮೇಲೆ ಇರುವೆ ಸಾಲಿನಂಥ ಅಕ್ಷರ, ಕೆಳಗೆ ಹಸಿರು ಗುಂಡಿ. ಒತ್ತಿದೆ. ಎರಡೇ ದಿನದಲ್ಲಿ ಬಟ್ಟೆ ಬಂತು. ಅವತ್ತು ನಿಮ್ಮ ವ್ಯವಸ್ಥೆಯನ್ನು ನಾನೇ ಹೊಗಳಿದೆ, ಅದನ್ನೂ ಬರೆದುಕೊಳ್ಳಿ.

ಮೂರನೇ ವಾರ, ಒಂದು ಮಂಗಳವಾರ, ಬೆಳಿಗ್ಗೆ ಹನ್ನೊಂದಕ್ಕೆ ಹಾಸ್ಟೆಲಿನ ಮೇಲ್ವಿಚಾರಕಿಯಿಂದ ಫೋನು. ಹುಡುಗಿಯ ಗಂಡ ಗೇಟಿನಲ್ಲಿ ನಿಂತಿದ್ದಾನೆ, ಅವಳ ಹೆಸರು ಹಿಡಿದು ಕೂಗುತ್ತಿದ್ದಾನೆ. ಆಕೆ ಗಟ್ಟಿಗಿತ್ತಿ. ಅಂಥವಳು ಇಲ್ಲಿ ಇಲ್ಲವೇ ಇಲ್ಲ ಎಂದು ಗೇಟಿನಲ್ಲಿ ವಾದ ಹೂಡಿ, ಅಷ್ಟರಲ್ಲಿ ಹುಡುಗಿಯನ್ನು ಅಡುಗೆಮನೆಯ ಹಿಂಬಾಗಿಲಿನಿಂದ ತರಕಾರಿ ತಂದ ಗಾಡಿಯಲ್ಲಿ ಹತ್ತಿಸಿ ಕಳಿಸಿದ್ದಳು. ಅವಳು ಈಗ ಎಲ್ಲಿದ್ದಾಳೆ ಎಂದು ನನಗೆ ಗೊತ್ತಿಲ್ಲ. ಗೊತ್ತಾಗುವುದೂ ಬೇಡ. ನನಗೆ ಗೊತ್ತಾದದ್ದು ಎಲ್ಲಿಗೆ ಹೋಗುತ್ತದೆ ಎಂದು ಈಗ ಗೊತ್ತಾಗಿದೆಯಲ್ಲ.

ಫೋನು ಇಟ್ಟ ಮೇಲೆ ಕಾಜಾ ಅಳಲಿಲ್ಲ. ಕೈಯಲ್ಲಿದ್ದ ತೂತನ್ನು ಪೂರ್ತಿ ಮುಗಿಸಿ, ದಾರ ಕಚ್ಚಿ ಹರಿದು, ನನ್ನ ಮುಖ ನೋಡಿದಳು.

‘ಅಕ್ಕಾ, ನೀನು ಯಾರಿಗಾದ್ರೂ ಹೇಳಿದ್ಯಾ?’

‘ದೇವರಾಣೆಗೂ ಇಲ್ಲ ಕಣೇ’ ಎಂದೆ.

ಮಾನ್ಯರೇ, ಐವತ್ತು ವರ್ಷದಲ್ಲಿ ನಾನು ದೇವರ ಮೇಲೆ ಆಣೆ ಇಟ್ಟದ್ದು ಮೂರೋ ನಾಲ್ಕೋ ಸಲ. ಅದರಲ್ಲಿ ಸುಳ್ಳಾದದ್ದು ಇದೊಂದೇ. ನಾನು ಹೇಳಿದ್ದೆ. ಬಾಯಲ್ಲಿ ಅಲ್ಲ, ಹೆಬ್ಬೆರಳಲ್ಲಿ. ಇವತ್ತಿನ ಉಪವಾಸ ಆ ಆಣೆಗೆ. ಹನ್ನೊಂದು ವಾರ ಹಿಡಿದಿದ್ದೇನೆ, ಇದು ಐದನೆಯದು. ನಿಮ್ಮ ನಿಯಮಾವಳಿಯಲ್ಲಿ ಲೋಪ ಕಂಡುಬರದೇ ಇರಬಹುದು. ನನ್ನ ಲೆಕ್ಕದಲ್ಲಿ ಕಂಡಿದೆ, ನಾನು ಕಟ್ಟುತ್ತಿದ್ದೇನೆ. ನಿಮ್ಮ ಪಾಲನ್ನು ನೀವು ಯಾವಾಗ ಕಟ್ಟುತ್ತೀರಿ?

ಸುದ್ದಿ ಹೋದದ್ದು ಹೇಗೆ ಎಂದು ಗೊತ್ತಾಗಲು ನಾಲ್ಕು ದಿನ ಹಿಡಿಯಿತು. ಹುಡುಗಿಯ ಗಂಡ ತನ್ನ ಬೀದಿಯಲ್ಲಿ ಜಂಬ ಕೊಚ್ಚಿಕೊಂಡಿದ್ದ: ಬಟ್ಟೆ ಅಂಗಡಿಯಲ್ಲಿ ನನ್ನ ದೊಡ್ಡಪ್ಪನ ಮಗ ಇದ್ದಾನೆ, ಅವನು ಹುಡುಕಿಕೊಟ್ಟ ಎಂದು. ಸಾಹುಕಾರರ ಗುಮಾಸ್ತನಿಗೂ ಅವನಿಗೂ ನಂಟು ಎಂದು ನನಗೆ ಅಲ್ಲಿಯವರೆಗೆ ತಿಳಿದೇ ಇರಲಿಲ್ಲ. ಹೋದೆ. ಗುಮಾಸ್ತ ಅಳತೆ ಕೋಲು ಹಿಡಿದು ನಿಂತಿದ್ದ. ಮುಚ್ಚಿಡಲೂ ಇಲ್ಲ.

‘ನಾನೇನ್ ಕದ್ನಾ ಅಮ್ಮಾ? ಕಂಪನಿಯಿಂದ ನಾಲ್ಕು ಹಾಳೆ ಬಂತು. ಮುದ್ರಿಸಿ ಫೈಲಿಗೆ ಹಾಕು ಅಂದ್ರು, ಹಾಕ್ದೆ. ಕಣ್ಣಿಗೆ ಬಿತ್ತು. ಕಣ್ಣಿಗೆ ಬಟ್ಟೆ ಕಟ್ಕೊಂಡು ಮುದ್ರಿಸೋಕಾಗುತ್ತಾ?’

‘ಕಣ್ಣಿಗೆ ಬಿದ್ದಿದ್ದು ಬಾಯಿಗೆ ಯಾಕಪ್ಪಾ ಬಂತು?’

‘ಒಡೆದ ಸಂಸಾರ ಕೂಡ್ಲಿ ಅಂತ. ಪುಣ್ಯದ ಕೆಲಸ ಅಲ್ವಾ?’

‘ಪುಣ್ಯಾನಾ? ಆ ಹುಡುಗಿ ಕೈ ಮುರಿದಾಗ ನಿನ್ನ ಪುಣ್ಯ ಎಲ್ಲಿಗೆ ಹೋಗಿತ್ತೋ?’

ಅವನು ಕೋಲು ಹಿಡಿದು ಥಾನು ಅಳೆಯಲು ತಿರುಗಿದ. ಸಾಹುಕಾರರು ಎದ್ದು ಬಂದು ಮೊದಲ ಹಾಳೆಯನ್ನು ನನ್ನ ಮುಂದಿಟ್ಟರು. ‘ನಿಯಮಿತ ವೆಚ್ಚಗಳು’ ಎಂಬ ತಲೆಬರಹ. ಅದರ ಕೆಳಗೆ ನನ್ನದೇ ಮಾತು, ನಾನು ಷರಾದಲ್ಲಿ ಬರೆದ ಹಾಗೆಯೇ, ಒಂದು ಕೊಂಬೂ ಬಿಡದೆ. ಯಾರಿಗೆ, ಎಲ್ಲಿಗೆ, ಯಾತಕ್ಕೆ. ಮೇಷ್ಟ್ರು ಬದುಕಿದ್ದರೆ ಪೂರ್ತಿ ಅಂಕ ಕೊಡುತ್ತಿದ್ದರು.

‘ಉಳಿದ ಮೂರು ಹಾಳೆ ತೋರ್ಸಿ’ ಎಂದೆ.

‘ಅದಾಗಲ್ಲಮ್ಮ. ಒಂದು ತೋರಿಸಿದ್ದೇ ತಪ್ಪು. ಗೌಪ್ಯ.’

‘ಯಾರ ಗೌಪ್ಯ?’

‘ಗ್ರಾಹಕರದು.’

‘ಗ್ರಾಹಕರು ಯಾರು?’

‘ನೀವೇ.’

‘ಮತ್ತೆ ತೋರ್ಸಿ.’

‘ನಿಮಗೆ ತೋರಿಸೋಕೆ ನಮಗೆ ಒಪ್ಪಿಗೆ ಇಲ್ಲಮ್ಮ.’

ನಾನು ನಗಬೇಕೋ ಅಳಬೇಕೋ ನೀವೇ ಹೇಳಿ. ನನ್ನ ಖಾತೆಯ ವಿವರವನ್ನು ಕಂಪನಿ ಓದಬಹುದು, ಸಾಹುಕಾರರು ಓದಬಹುದು, ಗುಮಾಸ್ತ ಓದಬಹುದು, ಗುಮಾಸ್ತನ ದೊಡ್ಡಪ್ಪ ಚಿಕ್ಕಪ್ಪಂದಿರ ಮಕ್ಕಳೆಲ್ಲ ಓದಬಹುದು. ಓದಬಾರದವಳು ನಾನೊಬ್ಬಳು. ಬೇಲಿ ಹೊಲ ಮೇಯುವುದನ್ನು ಕೇಳಿದ್ದೆ. ಮೇಯ್ದ ಮೇಲೆ ಹೊಲದ ಒಡತಿಗೇ ಒಳಗೆ ಬರಬೇಡ ಎನ್ನುವ ಬೇಲಿಯನ್ನು ಈಗ ನೋಡಿದೆ.

ಆ ಮೂರು ಹಾಳೆ ನನಗೆ ಯಾಕೆ ಬೇಕು ಎಂದರೆ, ನಾನು ಬರೆದ ಇನ್ನೊಂದು ಸಾಲಿದೆ. ಹಸಿರು ಗುಂಡಿ ಒತ್ತಿದ ನಾಲ್ಕನೆಯ ದಿನ ಆ ಹುಡುಗಿಗಾಗಿ ಇನ್ನೊಂದು ಕಡೆಗೆ ಹಣ ಕಳಿಸಿದ್ದೆ. ಷರಾದಲ್ಲಿ ಎಂದಿನಂತೆ ಎಲ್ಲವನ್ನೂ ಬರೆದಿದ್ದೆ. ಇನ್ನು ಕೆಲವೇ ದಿನಗಳಲ್ಲಿ ಅವಳು ಒಂದು ಹೊತ್ತು ಒಂದು ಜಾಗದಲ್ಲಿ ಇರಲೇಬೇಕು. ಇರದಿದ್ದರೆ ಎರಡು ವರ್ಷದ ಓದು ನೀರುಪಾಲು. ಆ ಜಾಗದ ಹೆಸರು ಆ ಸಾಲಿನಲ್ಲಿದೆ. ಸಾಲು ನಾಲ್ಕು ಹಾಳೆಯೊಳಗೆ ಸೇರಿದ್ದರೆ ಅಲ್ಲಿಯೂ ಅವನು ಬಂದು ನಿಂತಿರುತ್ತಾನೆ. ಸೇರದಿದ್ದರೆ ಅವಳು ಧೈರ್ಯವಾಗಿ ಹೋಗಬಹುದು. ಇಷ್ಟೇ ಪ್ರಶ್ನೆ. ಇದನ್ನು ಹೀಗೆ ಬಹಿರಂಗವಾಗಿ ಬರೆದರೆ ಅವನಿಗೆ ನಾನೇ ಸುಳಿವು ಕೊಟ್ಟ ಹಾಗಾಗುವುದಿಲ್ಲವೇ ಎಂದು ನೀವು ಕೇಳಬಹುದು. ಅವನ ಕಡೆಯವರು ಆ ಹಾಳೆಗಳಲ್ಲಿ ಇರುವುದನ್ನೆಲ್ಲ ಆಗಲೇ ಓದಿಕೊಂಡಿದ್ದಾರೆ. ಕತ್ತಲಲ್ಲಿ ಇರುವುದು ನಾವು.

ಕಂಪನಿಯ ಸಹಾಯವಾಣಿಗೆ ಫೋನು ಮಾಡಿ ಒಂದೇ ಮಾತು ಕೇಳಿದೆ. ನೀವು ನನ್ನ ಖಾತೆಯನ್ನು ಒಪ್ಪಿದ ದಿನ ಒಂದು ಸಲ ನೋಡಿದಿರೋ, ಆಮೇಲೂ ನೋಡುತ್ತಲೇ ಇದ್ದಿರೋ? ಒಂದೇ ಸಲವಾದರೆ ನಾಲ್ಕನೆಯ ದಿನದ ಸಾಲು ಅವರ ಕಣ್ಣಿಗೆ ಬಿದ್ದಿರುವುದಿಲ್ಲ. ಮೊದಲು ಮಾತಾಡಿದವನು ‘ಒಂದೇ ಸಲ ಮೇಡಂ’ ಎಂದ. ಸಮಾಧಾನವಾಗಲಿಲ್ಲ. ಮಧ್ಯಾಹ್ನ ಮತ್ತೆ ಮಾಡಿದೆ. ಎರಡನೆಯವಳು ‘ಅಗತ್ಯವಿದ್ದಷ್ಟು ಬಾರಿ, ಒಂದು ವರ್ಷದವರೆಗೆ’ ಎಂದಳು. ಯಾರ ಅಗತ್ಯ ಎಂದೆ. ‘ಅದು ನೀವು ಒಪ್ಪಿದ ನಿಯಮಗಳಲ್ಲಿದೆ ಮೇಡಂ’ ಎಂದಳು. ಬ್ಯಾಂಕಿಗೆ ಹೋದೆ. ವ್ಯವಸ್ಥಾಪಕರು ಕನ್ನಡಕ ಒರೆಸಿಕೊಳ್ಳುತ್ತಾ, ‘ಅಮ್ಮಾ, ನಾವು ಬರೀ ಬಾಗಿಲು. ಒಳಗೆ ಬಂದವರು ಏನು ತಗೊಂಡು ಹೋದ್ರು ಅಂತ ಬಾಗಿಲಿಗೆ ಗೊತ್ತಾಗುತ್ತಾ?’ ಎಂದರು. ಗೊತ್ತಾಗದ ಬಾಗಿಲಿಗೆ ಸಂಬಳ ಯಾತಕ್ಕೆ ಎಂದು ಕೇಳಬೇಕೆನಿಸಿತು. ಅವತ್ತೂ ಉಪವಾಸ. ನುಂಗಿಕೊಂಡು ಬಂದೆ.

ಈಗ ನಿಮ್ಮ ‘ಕ್ರಮಬದ್ಧ ಒಪ್ಪಿಗೆ’ಯ ವಿಚಾರ. ನನ್ನ ಹತ್ತಿರ ಒಂದು ಅಳತೆ ಪುಸ್ತಕವಿದೆ. ಸಮವಸ್ತ್ರ ಹೊಲಿಸಿಕೊಳ್ಳಲು ಬರುವ ದಾದಿಯರ ಎದೆ, ಸೊಂಟ, ತೋಳು ಎಲ್ಲ ಅದರಲ್ಲಿ ಬರೆದಿದೆ. ಯಾರಿಗೆ ಒಂದು ಭುಜ ತಗ್ಗು, ಯಾರು ಈ ತಿಂಗಳು ಎರಡು ಅಂಗುಲ ಹೆಚ್ಚಾಗಿದ್ದಾರೆ, ಯಾರಿಗೆ ಕಾಯಿಲೆಯಿಂದ ಒಂದು ಕಡೆ ಹತ್ತಿ ತುಂಬಿ ಹೊಲಿಯಬೇಕು, ಅದೂ ಇದೆ. ಪುಸ್ತಕ ನನ್ನದು. ಕಾಸು ಕೊಟ್ಟು ಕೊಂಡವಳು ನಾನು, ಬರಹ ನನ್ನದು. ಒಳಗಿರುವ ಮೈ ನನ್ನದಲ್ಲ. ಒಂದು ಸಲ ಒಬ್ಬ ಸಭ್ಯಸ್ಥರು ಬಂದು, ಹೆಂಡತಿಗೆ ಗೊತ್ತಾಗದ ಹಾಗೆ ಉಡುಗೊರೆ ಹೊಲಿಸಬೇಕು, ಅಳತೆ ತೋರಿಸಿ ಎಂದರು. ಗಂಡನೇ ಆಗಿದ್ದರೂ ತೋರಿಸಲಿಲ್ಲ. ‘ಅವರನ್ನೇ ಕರ್ಕೊಂಡು ಬನ್ನಿ’ ಎಂದೆ. ಸಿಟ್ಟು ಮಾಡಿಕೊಂಡು ಹೋದರು. ನಮ್ಮ ಕಸುಬಿನಲ್ಲಿ ಇದು ಮೊದಲ ಪಾಠ, ಸೂಜಿಗೆ ದಾರ ಪೋಣಿಸುವುದಕ್ಕೂ ಮುಂಚಿನದು.

ಬ್ಯಾಂಕಿನ ಖಾತೆಯೂ ಅಂಥದೇ ಪುಸ್ತಕ. ಮುಖಪುಟದಲ್ಲಿ ನನ್ನ ಹೆಸರು, ಒಳಗೆಲ್ಲ ಬೇರೆಯವರ ಬದುಕು. ಯಾರಿಗಾಗಿ ಯಾವ ವೈದ್ಯರಿಗೆ ಹಣ ಕಳಿಸಿದೆ, ಯಾರ ಮನೆಯ ಬಾಡಿಗೆ ತಡವಾಯಿತು, ಯಾರ ಮಗಳು ಎಲ್ಲಿದ್ದಾಳೆ. ಇದನ್ನೆಲ್ಲ ಕೊಡು ಎಂದು ನನ್ನೊಬ್ಬಳ ಹೆಬ್ಬೆರಳನ್ನು ಕೇಳಿದಿರಲ್ಲ, ಅದರಲ್ಲಿರುವ ಉಳಿದವರನ್ನು ಯಾರು ಕೇಳಿದರು? ನನ್ನದಲ್ಲದ್ದನ್ನು ನಾನು ಕೊಟ್ಟರೆ ಅದು ಕೊಟ್ಟ ಹಾಗಾಗುತ್ತದೆಯೇ? ಪಕ್ಕದ ಮನೆಯ ಹಸುವನ್ನು ನಾನು ದಾನ ಮಾಡಿದರೆ, ದಾನ ಕ್ರಮಬದ್ಧವಾಗಿದೆ ಎಂದು ನೀವು ಹಗ್ಗ ಹಿಡಿದುಕೊಂಡು ಹೋಗುತ್ತೀರಾ?

ಇದರಿಂದ ಒಳ್ಳೆಯದೇನೂ ಇಲ್ಲ ಎನ್ನುವಷ್ಟು ಮೂರ್ಖಳಲ್ಲ ನಾನು. ನಮ್ಮ ಬೀದಿಯ ತುದಿಯಲ್ಲಿ ಸೈಕಲ್ ರಿಪೇರಿಯವನಿದ್ದಾನೆ. ಸಾಲಕ್ಕಾಗಿ ಮೂರು ವರ್ಷ ಬ್ಯಾಂಕಿನ ಬೆಂಚು ಸವೆಸಿದವನು. ಖಾತೆ ಜೋಡಿಸಿದ ವಾರದಲ್ಲೇ ಅವನಿಗೆ ಸಾಲ ಸಿಕ್ಕಿತು. ಯಾರ ಕೈಕಾಲೂ ಹಿಡಿಯಬೇಕಾಗಲಿಲ್ಲ. ಅವನು ನನಗೆ ‘ಅಕ್ಕಾ, ನಿಮಗೆ ಎಲ್ಲದರಲ್ಲೂ ಅನುಮಾನ’ ಎನ್ನುತ್ತಾನೆ. ಇರಬಹುದು. ಅವನ ಖಾತೆಯಲ್ಲಿ ಟೈರು, ಟ್ಯೂಬು, ಚೈನು. ಟೈರಿಗೆ ಗಂಡನಿಲ್ಲ. ಸಣ್ಣ ವ್ಯಾಪಾರ ಎಂದರೆ ಎಲ್ಲವೂ ಒಂದೇ ಅಳತೆ ಎಂದು ನೀವು ಕತ್ತರಿ ಹಾಕಿದ್ದೀರಿ. ಹೆಂಗಸರು ನಡೆಸುವ ಸಣ್ಣ ವ್ಯಾಪಾರದ ಖಾತೆಯಲ್ಲಿ ವ್ಯಾಪಾರದ ಜೊತೆ ಇನ್ನೂ ಎಷ್ಟೋ ಸಂಸಾರಗಳ ಗುಟ್ಟು ಮಡಚಿಟ್ಟಿರುತ್ತದೆ. ಬೇರೆಲ್ಲೂ ಇಡಲು ಜಾಗವಿಲ್ಲದೆ ಇಟ್ಟದ್ದು.

ಒಪ್ಪಿಗೆಯನ್ನು ಹಿಂದಕ್ಕೆ ಪಡೆಯಬಹುದಲ್ಲ ಎನ್ನುತ್ತೀರಿ. ಪಡೆದೆ. ಒತ್ತುವ ಗುಂಡಿ ಅಂಗೈಯಗಲ ಇತ್ತು. ಹಿಂಪಡೆಯುವ ಗುಂಡಿಯನ್ನು ಹುಡುಕಲು ಓವರ್‌ಲಾಕ್ ಎರಡು ಮಧ್ಯಾಹ್ನ ತೆಗೆದುಕೊಂಡಳು. ಅದು ಏಳನೆಯ ಪುಟದ ತಳದಲ್ಲಿ ಬೂದು ಬಣ್ಣದಲ್ಲಿತ್ತು. ‘ಅಕ್ಕಾ, ಇವರು ಬಿಳಿ ಬಟ್ಟೆಗೆ ಬಿಳಿ ದಾರ ಹಾಕಿ ಹೊಲ್ದಿದಾರೆ, ಬಿಚ್ಚೋರಿಗೆ ಕಾಣಬಾರ್ದು ಅಂತ’ ಎಂದಳು. ಒತ್ತಿದ ಮೇಲೆ ಬಂದ ಸಂದೇಶ: ‘ಹೊಸ ಮಾಹಿತಿಯನ್ನು ಪಡೆಯಲಾಗುವುದಿಲ್ಲ. ಈಗಾಗಲೇ ಪಡೆದ ಮಾಹಿತಿಯನ್ನು ನಿಯಮಾನುಸಾರ ಉಳಿಸಿಕೊಳ್ಳಲಾಗುವುದು.’ ಮಾರನೆಯ ದಿನ ಬಟ್ಟೆ ನಿಂತಿತು. ‘ಕಂಪನಿಯಲ್ಲಿ ನಿಮ್ಮ ಹೆಸರಿನ ಮುಂದೆ ಕೆಂಪು ಬಂದಿದೆ, ನಾನೇನ್ ಮಾಡ್ಲಿ’ ಎಂದು ಸಾಹುಕಾರರು ಕೈ ಚೆಲ್ಲಿದರು. ನಾನೂರರಲ್ಲಿ ನೂರ ಅರವತ್ತು ಹೊದಿಕೆ ಮುಗಿದಿದೆ. ಉಳಿದದ್ದಕ್ಕೆ ಮತ್ತೆ ಹಸಿರು ಗುಂಡಿ ಒತ್ತಬೇಕಂತೆ. ಒತ್ತದಿದ್ದರೆ ತೊಂದರೆಗೆ ಬೀಳುವಂಥ ಒಪ್ಪಿಗೆಗೆ ನಮ್ಮ ಹಳ್ಳಿಯಲ್ಲಿ ಬೇರೆ ಹೆಸರಿತ್ತು. ಉಪವಾಸ, ಬರೆಯುವುದಿಲ್ಲ.

ಹುಡುಗಿಗೆ ಈಗ ಹಣ ಹೇಗೆ ಕಳಿಸುತ್ತಿದ್ದೀರಿ ಎಂದು ಕೇಳಬೇಡಿ. ಒಂದು ಸಲ ಬರೆದು ಬುದ್ಧಿ ಬಂದಿದೆ.

ಒಪ್ಪಿಗೆ ಕೇಳುವುದು ಹೇಗೆ ಎಂದು ನಿಮಗೆ ತಿಳಿಯದಿದ್ದರೆ ಹೇಳುತ್ತೇನೆ. ಈ ಕಾಗದದ ಕರಡನ್ನು ಮೊನ್ನೆ ಕಾಜಾಳ ಮುಂದೆ ಕೂತು ಗಟ್ಟಿಯಾಗಿ ಓದಿದೆ. ಅವಳು ಕೆಲಸ ನಿಲ್ಲಿಸಿ ಕೇಳಿದಳು. ಎರಡು ಕಡೆ ‘ಇದು ಬೇಡ ಅಕ್ಕಾ’ ಎಂದಳು. ಯಾಕೆ ಎಂದು ಕೇಳದೆ ಹೊಡೆದುಹಾಕಿದೆ. ಮಗಳಿಗೂ ಹೇಗೋ ಮುಟ್ಟಿಸಿ ಕೇಳಿಸಿದಳು. ಮಗಳು ಒಂದು ಸಾಲು ಸೇರಿಸಲು ಹೇಳಿ ಕಳಿಸಿದ್ದಾಳೆ: ‘ನಾನು ತಪ್ಪಿಸಿಕೊಂಡವಳಲ್ಲ, ಓದುತ್ತಿರುವವಳು ಎಂದು ಬರೀರಿ.’ ಬರೆದಿದ್ದೇನೆ. ನಮಗೆ ಇದಕ್ಕೆಲ್ಲ ಮೂರು ದಿನ ಹಿಡಿಯಿತು. ಹಸಿರು ಗುಂಡಿಗೆ ಮೂರು ಕ್ಷಣ ಸಾಕಾಗಿತ್ತು.

ಕಾಜಾ ಈಗಲೂ ಬರುತ್ತಾಳೆ, ಪಕ್ಕದಲ್ಲೇ ಕೂರುತ್ತಾಳೆ. ನನ್ನ ಮೇಲೆ ಸಿಟ್ಟಿಲ್ಲ ಎನ್ನುತ್ತಾಳೆ. ಆದರೆ ಮಗಳ ಫೋನು ಬಂದರೆ ಎದ್ದು ಮೆಟ್ಟಿಲಿಗೆ ಹೋಗಿ ಮಾತಾಡುತ್ತಾಳೆ. ಹದಿನಾಲ್ಕು ವರ್ಷದಲ್ಲಿ ಅವಳು ನನ್ನಿಂದ ಎದ್ದು ಹೋಗಿ ಮಾತಾಡಿದ್ದಿಲ್ಲ. ನಿಮ್ಮ ಕಚೇರಿ ಇದಕ್ಕೆ ಪರಿಹಾರ ಕೊಡುತ್ತದೆಯೇ? ಕೊಡಲು ಬರುವಂಥದ್ದಲ್ಲ, ಬಿಡಿ.

ನಾನು ಕೇಳುವುದು ಇಷ್ಟು. ಆ ನಾಲ್ಕು ಹಾಳೆಯಲ್ಲಿ, ಮತ್ತು ಆಮೇಲೆ ಕಂಪನಿ ನೋಡಿದ್ದರೆ ಆ ನೋಟದಲ್ಲಿ, ನಾನು ಪ್ರತ್ಯೇಕ ಲಕೋಟೆಯಲ್ಲಿ ನಿಮಗೆ ಎರಡು ಸಲ ಬರೆದು ತಿಳಿಸಿರುವ ಎರಡನೆಯ ಸಾಲು ಇದೆಯೋ ಇಲ್ಲವೋ? ಹೌದು ಅಥವಾ ಇಲ್ಲ. ‘ಪರಿಶೀಲನೆಯಲ್ಲಿದೆ’ ಎಂಬುದು ಉತ್ತರವಲ್ಲ. ಅದು ಈ ತಿಂಗಳು ಮುಗಿಯುವುದರೊಳಗೆ ಬರಬೇಕು, ಆಮೇಲೆ ಬಂದರೆ ಯಾರಿಗೂ ಉಪಯೋಗವಿಲ್ಲ. ಆಮೇಲೆ ಆ ಹುಡುಗಿಯ ವಿಷಯ ಇರುವ ಪ್ರತಿ ಸಾಲನ್ನೂ ಸಾಹುಕಾರರ ಫೈಲಿನಿಂದ, ಕಂಪನಿಯ ಕಂಪ್ಯೂಟರಿನಿಂದ, ಅವರು ಇನ್ನೂ ಯಾರಿಗೆ ದಾಟಿಸಿದ್ದಾರೋ ಅಲ್ಲಿಂದಲೂ ಅಳಿಸಿ, ಅಳಿಸಿದ್ದೇವೆ ಎಂದು ಸಹಿ ಹಾಕಿ ಕೊಡಿ. ಇನ್ನು ಮುಂದೆ ಖಾತೆಗೆ ಬಂದದ್ದೆಷ್ಟು ಹೋದದ್ದೆಷ್ಟು ಎಂದು ಬೇಕಾದರೆ ಕಂಪನಿ ನೋಡಿಕೊಳ್ಳಲಿ. ಯಾರಿಗೆ, ಯಾತಕ್ಕೆ ಎಂಬುದು ಅವರಿಗೆ ಬೇಡ. ಹಾಗೆಂದು ನಿಯಮ ಮಾಡಿ. ತೋರಿಸಲು ಒಪ್ಪದವರಿಗೆ ಬಟ್ಟೆ ಕೊಡುವುದಿಲ್ಲ ಎನ್ನುವುದನ್ನು ನಿಲ್ಲಿಸಿ. ದಾನ ಕೇಳುತ್ತಿಲ್ಲ, ಇಪ್ಪತ್ತು ವರ್ಷದ ಮಾತಿನ ಮೇಲೆ ಬಟ್ಟೆ ಕೇಳುತ್ತಿದ್ದೇನೆ.

ಇಂತಿ,
ಒತ್ತಿದ ಬೆರಳಿಗೆ ಓದುವುದನ್ನು ತಡವಾಗಿ ಕಲಿಸುತ್ತಿರುವ,
ನಿಮ್ಮ ಕಡತದಲ್ಲಿ ‘ಮುಕ್ತಾಯಗೊಂಡ’ ಒಬ್ಬ ಹೊಲಿಗೆಯವಳು

ಈ ಪತ್ರಿಕೆ ಓದುವವರಲ್ಲಿ ಒಂದು ಬೇಡಿಕೆ: ಲಿಖಿತ ಉತ್ತರ ಬೇಕಾದವರು ಕಚೇರಿಯ ಮೂರನೇ ಮಹಡಿಯ ಕಿಟಕಿಗೆ ಖುದ್ದಾಗಿ ಬರಬೇಕು, ಇಲ್ಲವೇ ಯಾರನ್ನಾದರೂ ಕಳಿಸಬೇಕಂತೆ. ಅಲ್ಲಿಗೆ ಹೋಗಿಬರಲು ನನಗೆ ಎರಡು ದಿನ ಬೇಕು, ಮನೆಯಲ್ಲಿ ಅತ್ತೆಯನ್ನು ಬಿಡುವಂತಿಲ್ಲ. ನಿಮ್ಮಲ್ಲಿ ಯಾರಾದರೂ ಆ ಕಡೆ ಇರುವವರು ನನ್ನ ಪರವಾಗಿ ಹೋಗಿ ಕೇಳಿ. ದೂರಿನ ಸಂಖ್ಯೆ ಸಂಪಾದಕರ ಬಳಿ ಇದೆ. ಉತ್ತರವನ್ನು ತಂದು ಅವರಿಗೇ ಮುಟ್ಟಿಸಿ. ಲಕೋಟೆ ಅಂಟಿಸಿದ್ದರೂ ಚಿಂತೆಯಿಲ್ಲ, ದಾರಿಯಲ್ಲಿ ಒಡೆದು ಓದಿ, ಬಸ್ಸಿನಲ್ಲಿ ಪಕ್ಕದವರಿಗೂ ಓದಿ ಹೇಳಿ. ಅದು ಕಚೇರಿಯ ಮಾತು, ಹತ್ತು ಜನ ಓದಬೇಕಾದದ್ದೇ. ತಡ ಮಾತ್ರ ಮಾಡಬೇಡಿ. ಆ ಜಾಗಕ್ಕೆ ಹೊರಡಲೋ ಬೇಡವೋ ಎಂದು ಒಬ್ಬಳು ಎಲ್ಲೋ ಚೀಲ ಕಟ್ಟಿಟ್ಟುಕೊಂಡು ಕೂತಿದ್ದಾಳೆ.